ಬೆರಳು ನೋಡಿ ಕೀಲಿಮಣೆ ಹೊಂದಿಸುವ ಕೋ ಬೆಂಗ್

ಕೋ ಬೆಂಗ್ ಹುಟ್ಟಿದ್ದು ಬುದ್ಧಶಕ 2498ರ ಆಗಸ್ಟ್ 9, ಮಂಗಳವಾರ. ಅವರ ತಂದೆ ಜನನವನ್ನು ದಾಖಲಿಸಲು ತಡಮಾಡಿದ್ದರಿಂದ ಗುರುತಿನ ಚೀಟಿಯಲ್ಲಿ 2499ರ ಜನವರಿ ಎಂದಿದೆ. ನಾನು ತಾಯಿ ಹೇಳಿದ ದಿನವನ್ನೇ ಹಿಡಿದಿದ್ದೇನೆ; ಹೆತ್ತವಳಿಗಿಂತ ದೊಡ್ಡ ಸಾಕ್ಷಿ ಬೇರೆಯಿಲ್ಲ. ಕ್ರಿಸ್ತಶಕ ಬೇಕೆನ್ನುವವರು 543 ವರ್ಷ ಕಳೆಯಬೇಕು. ಕಾಗದದ ಮೇಲಿನ ಹೆಸರು ವಿಸಿತ್. ಆದರೆ ಥಾಯ್ ನಾಡಿನ ನಮ್ಮ ತ್ರಾಂಗ್ ಪಟ್ಟಣದಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ‘ಕೋ’ ಎಂದರೆ ನಮ್ಮೂರ ಚೀನೀ ಮನೆಗಳ ಮಾತಿನಲ್ಲಿ ಅಣ್ಣ; ಬೆಂಗ್ ಎಂಬುದು ಅಜ್ಜಿ ಇಟ್ಟ ಹೆಸರು.

ತಂದೆಯದು ರೈಲು ನಿಲ್ದಾಣದ ಎದುರಿನ ಸಾಲಿನಲ್ಲಿ ಟೈಪ್‌ರೈಟರ್ ದುರಸ್ತಿಯ ಅಂಗಡಿ. ಅಂಗಡಿ ಇಂದಿಗೂ ಅಲ್ಲಿಯೇ ಇದೆ, ಟೈಪ್‌ರೈಟರ್‌ಗಳಿಲ್ಲ. ಈಗ ಕೋ ಬೆಂಗ್ ಅವರ ಮೇಜಿನ ಮೇಲೆ ಬಂದು ಕೂರುವುದು ಬೇರೆಯದೇ ಜಾತಿಯ ಯಂತ್ರಗಳು: ರಬ್ಬರ್ ಹಾಲು ಕೊಳ್ಳುವ ಕೇಂದ್ರದ ತೂಕದ ಯಂತ್ರ, ಆಸ್ಪತ್ರೆಯ ಸರದಿ ಚೀಟಿಯ ಪೆಟ್ಟಿಗೆ, ವಿಹಾರದಲ್ಲಿ ದಾನಕ್ಕೆ ರಸೀದಿ ಮುದ್ರಿಸುವ ಯಂತ್ರ. ಇವುಗಳ ಹೊಟ್ಟೆಯಲ್ಲಿ ಅಂಗೈಯಗಲದ ಒಂದೊಂದು ಗಣಕ ಅವಿತಿರುತ್ತದೆ. ಹೊರದೇಶದಿಂದ ಬರುವಾಗ ಅದು ಇಂಗ್ಲಿಷನ್ನು ಮಾತ್ರ ಕಲಿತು ಬಂದಿರುತ್ತದೆ. ಅದಕ್ಕೆ ಕೀಲಿಮಣೆಯೊಂದನ್ನು ಕೂಡಿಸಿ, ಯಾವ ಕೀಲಿ ಒತ್ತಿದರೆ ಯಾವ ಥಾಯ್ ಅಕ್ಷರ ಬೀಳಬೇಕೆಂದು ಕಲಿಸಿ, ಅಕ್ಷರದ ತಲೆಯ ಮೇಲೆ ಕೂರುವ ಚಿಹ್ನೆಗಳು ಅಲ್ಲಿಯೇ ಕೂರುವಂತೆ ಮಾಡುವುದು ಅವರ ಕಸುಬು. ಕೀಲಿಮಣೆಯ ಎಡ ಮೇಲ್ಮೂಲೆಯಲ್ಲಿ ಅಲೆಯ ಗೆರೆಯಿರುವ ಕೀಲಿಯನ್ನು ನಮ್ಮವರು ಹುಳ ಎನ್ನುತ್ತಾರೆ. ಹುಳ ಒತ್ತಿದರೆ ಥಾಯ್, ಮತ್ತೆ ಒತ್ತಿದರೆ ಇಂಗ್ಲಿಷ್. ಹುಳಕ್ಕೆ ಓಗೊಡದ ಯಂತ್ರವನ್ನು ತ್ರಾಂಗ್‌ನಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ.

ಈ ಕೆಲಸವನ್ನು ಮಾಡಬಲ್ಲ ತರುಣರು ಊರಿನಲ್ಲಿ ಇನ್ನೂ ಇದ್ದಾರೆ. ಆದರೂ ಜನ ಕೋ ಬೆಂಗ್ ಅವರ ಬಳಿಗೇ ಹೋಗುವುದಕ್ಕೆ ಅವರ ಒಂದು ಪದ್ಧತಿ ಕಾರಣ. ಗಿರಾಕಿಯ ಬೆರಳುಗಳನ್ನು ನೋಡದೆ ಅವರು ಕೆಲಸಕ್ಕೆ ಕೈಹಾಕುವುದಿಲ್ಲ. ಎಲ್ಲಿಗೂ ಜೋಡಿಸದ ಒಂದು ಕೀಲಿಮಣೆಯನ್ನು ಮುಂದಿಟ್ಟು, ‘ನಿಮ್ಮ ಹೆಸರು ಹೊಡೆಯಿರಿ’ ಎಂದು ಹೇಳಿ, ಸುಮ್ಮನೆ ನೋಡುತ್ತಾರೆ. ಬೆಳಗಿನ ಕಾಫಿಗೆ ನಾವೆಲ್ಲ ಸೇರುವ ಅಂಗಡಿಯ ಒಡತಿ ನುಯ್ ದೊಡ್ಡಮ್ಮನಿಗೆ ಸುಟ್ಟ ಹಂದಿಮಾಂಸದ ಪೊಟ್ಟಣಗಳಿಗೆ ಚೀಟಿ ಮುದ್ರಿಸುವ ಯಂತ್ರ ಬಂದಾಗ ನಾನು ಪಕ್ಕದ ಮೇಜಿನಲ್ಲಿದ್ದೆ. ಅದು 2558ರ ಜೂನ್ 3, ಬುಧವಾರ.

“ಕೈ ಇಡಿ ದೊಡ್ಡಮ್ಮ, ನೋಡೋಣ.”

“ಯಾಕಪ್ಪಾ, ಭವಿಷ್ಯ ಹೇಳ್ತೀಯಾ?”

“ನಿಮ್ಮ ಭವಿಷ್ಯ ಊರಿಗೇ ಗೊತ್ತು. ಮಾಂಸ ಖಾಲಿ ಆಗೋವರೆಗೂ ಬೈತಾ ಇರ್ತೀರಿ. ನಿಮ್ಮ ಹೆಸರು ಹೊಡೀರಿ.”

“ಇದಕ್ಕೆ ವೈರೇ ಹಾಕಿಲ್ವಲ್ಲೋ.”

“ಅದಕ್ಕೇ ಹೊಡೀರಿ ಅಂದಿದ್ದು. ವೈರ್ ಇದ್ರೆ ಎಲ್ಲಿ ಕೆಡುತ್ತೋ ಅಂತ ಹೆದರ್ತೀರಿ. ಇಲ್ದಿದ್ರೆ ನಿಮ್ಮ ಕೈ ನಿಮ್ಮ ಕೈ ಥರಾನೇ ಇರತ್ತೆ.”

ದೊಡ್ಡಮ್ಮನ ಬೆರಳು ಜಿಡ್ಡಿಗೆ ಜಾರಿ ಪಕ್ಕದ ಕೀಲಿಯನ್ನೂ ಮುಟ್ಟುತ್ತಿತ್ತು. ಒತ್ತಿದ್ದನ್ನು ಬಿಡಲು ತಡಮಾಡುತ್ತಿತ್ತು. ಕೋ ಬೆಂಗ್ ಆ ಯಂತ್ರಕ್ಕೆ ಎರಡನೆಯ ಸ್ಪರ್ಶವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದೂ, ಕೀಲಿಯನ್ನು ಒತ್ತಿ ಹಿಡಿದರೂ ಅಕ್ಷರವನ್ನು ಮತ್ತೆ ಮತ್ತೆ ಮುದ್ರಿಸಬೇಡವೆಂದೂ ಕಲಿಸಿಕೊಟ್ಟರು. ಅಂದಿನಿಂದ ಅವರು ‘ಯಂತ್ರ ಸರಿಯಿದೆ’ ಎಂದರೆ ಊರಿನಲ್ಲಿ ಅದಕ್ಕೆ ಮೇಲ್ಮನವಿ ಇಲ್ಲವೆಂಬಂತಾಯಿತು. ಖ್ರೂ ಸುರಾಂಗ್ ಅವರ ವಿಷಯದಲ್ಲಿ ಈ ನಂಬಿಕೆಯೇ ಮುಳುವಾಗುವುದರಲ್ಲಿತ್ತು.

ಖ್ರೂ ಎಂದರೆ ಗುರು. ಖ್ರೂ ಸುರಾಂಗ್ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಥಾಯ್ ಭಾಷೆಯನ್ನು ಕಲಿಸಿ 2550ರ ಸೆಪ್ಟೆಂಬರ್ 30ರಂದು ನಿವೃತ್ತರಾದವರು, ಮದುವೆಯಾಗಲಿಲ್ಲ. ನೆರೆಮನೆಯ ಲಮುನ್, ಖ್ರೂ ಅವರ ಹಳೆಯ ಶಿಷ್ಯೆ, ಈಗ ಐವತ್ತರ ಹೆಂಗಸು, ಮನೆಯಲ್ಲಿಯೇ ತೆಂಗಿನ ಹಾಲಿನ ಸಿಹಿ ಮಾಡಿ ಮಾರುವವಳು. 2560ರ ನವೆಂಬರ್ 21ರ ಬೆಳಿಗ್ಗೆ ಖ್ರೂ ಅವರಿಗೆ ಪಾರ್ಶ್ವವಾಯು ಬಡಿದಾಗ ಮೊದಲು ಓಡಿಬಂದವಳು ಅವಳೇ, ಆಮೇಲೆ ಬಿಟ್ಟುಹೋಗಲಿಲ್ಲ. ಕೈಗಳಲ್ಲಿ ಸ್ವಲ್ಪ ಕಸುವು ಉಳಿಯಿತು, ಆದರೆ ಲೇಖನಿ ಹಿಡಿಯುವಷ್ಟಲ್ಲ. ಮಾತು ಪೂರ್ತಿಯಾಗಿ ಹೋಯಿತು. ಕಣ್ಣಿಗೆ ಮೊದಲೇ ಪೊರೆ ಬಂದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ತಲೆಗೆ ಹತ್ತಿದ ನಡುಕ. ಏನು ಕೇಳಿದರೂ ತಲೆ ಮೇಲೆ ಕೆಳಗೆ ಆಡುತ್ತಿತ್ತು. ಅನ್ನ ಬೇಕೇ ಎಂದರೂ ಆಡುತ್ತಿತ್ತು, ಬೇಡವೇ ಎಂದರೂ ಆಡುತ್ತಿತ್ತು. ಬುದ್ಧಿ ಎಷ್ಟು ಉಳಿದಿದೆಯೆಂದು ಹೇಳುವುದು ಕಷ್ಟ, ಒಂದು ವಾಕ್ಯವನ್ನಾದರೂ ತಾವಾಗಿ ಬರೆದರೆ ತಿಳಿಯುತ್ತದೆ ಎಂದು ವೈದ್ಯರು ಹೇಳಿ ಕಳಿಸಿದರು.

ಖ್ರೂ ಅವರ ತಮ್ಮ ಸುರಕಿತ್ ಬ್ಯಾಂಕಾಕಿನಲ್ಲಿದ್ದರು. ಮಾತು ಹೋದವರಿಗಾಗಿ ಅಲ್ಲಿನ ಕೆಲವು ಸ್ವಯಂಸೇವಕರು ಮಾಡಿದ ಪೆಟ್ಟಿಗೆಯೊಂದನ್ನು ಅವರು ತರಿಸಿ ಕಳಿಸಿದರು. ಅಂಗೈ ಮೇಲೆ ಕೂರುವ ಅಂಟಕ್ಕಿ ಅನ್ನದ ಬುಟ್ಟಿಯಷ್ಟು ಗಾತ್ರ, ಪರದೆಯಿಲ್ಲ, ಕೀಲಿಮಣೆಯಲ್ಲಿ ಹೊಡೆದದ್ದನ್ನು ಹೆಂಗಸಿನ ದನಿಯಲ್ಲಿ ಓದಿ ಹೇಳುತ್ತದೆ. ಅದನ್ನು ಹೊಂದಿಸಲು ಕೋ ಬೆಂಗ್ ಹೋದದ್ದು 2561ರ ಮಾರ್ಚ್ 15, ಗುರುವಾರ ಮಧ್ಯಾಹ್ನ. ಖ್ರೂ ನಿದ್ದೆಯಲ್ಲಿದ್ದರು. ಎಬ್ಬಿಸುವುದು ಬೇಡವೆಂದು ಲಮುನ್ ಕೈಸನ್ನೆ ಮಾಡಿದಳು. ಕೈಗಳಲ್ಲಿ ಕಸುವಿಲ್ಲ, ಶಿಫ್ಟ್ ಕೀಲಿಯನ್ನು ಹಿಡಿದಿರಲಾರರು ಎಂದು ಅವಳು ವಿವರಿಸಿದಳು. ಕೋ ಬೆಂಗ್ ಅದಕ್ಕೆ ತಕ್ಕಂತೆ ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕಾಗುವಂತೆ ಮಾಡಿದರು. ಹಗುರವಾದ ಸ್ಪರ್ಶಕ್ಕೂ ಕೀಲಿ ಓಗೊಡುವಂತೆ ಮಾಡಿದರು. ತಮ್ಮ ಬೆರಳಿನಿಂದಲೇ ಒಂದು ವಾಕ್ಯ ಹೊಡೆದು ನೋಡಿದರು. ಪೆಟ್ಟಿಗೆ ಸ್ಪಷ್ಟವಾಗಿ ಓದಿತು. ಯಂತ್ರ ಸರಿಯಿದೆ ಎಂದು ಹೇಳಿ ಹೊರಟರು. ಗಿರಾಕಿಯ ಬೆರಳು ನೋಡದೆ ಹಾಗೆಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಲಮುನ್ ಖ್ರೂ ಅವರನ್ನು ಒರಗಿಸಿ ಕೂರಿಸಿ, ಕೈಗಳನ್ನು ಕೀಲಿಗಳ ಮೇಲೆ ಇಟ್ಟಳು. ಬೆರಳುಗಳು ಚಲಿಸಿದವು. ಪೆಟ್ಟಿಗೆಯಿಂದ ಬಂದದ್ದು ಯಾವ ಭಾಷೆಯೂ ಅಲ್ಲದ ಗದ್ದಲ. ಆ ದಿನವೂ ಅಷ್ಟೇ, ಆ ವಾರವೂ ಅಷ್ಟೇ. ಸುರಕಿತ್ ಫೋನಿನಲ್ಲಿ ಕೇಳಿದಾಗ ಲಮುನ್‌ಗೆ ಸುಳ್ಳು ಹೇಳಲಾಗಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಅವರು ಕೇಳಿದರು. ಕೋ ಬೆಂಗ್ ಸರಿಯಿದೆ ಎಂದಿದ್ದಾರೆ ಎಂದಳು. ಹಾಗಾದರೆ ಕೆಟ್ಟಿರುವುದು ಏನೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಪೂರ್ವಿಕರ ಸಮಾಧಿ ಶುಚಿಗೊಳಿಸುವ ಚೆಂಗ್ ಮೆಂಗ್ ಹಬ್ಬ ಆ ವರ್ಷ ಏಪ್ರಿಲ್ 5ಕ್ಕೆ ಬಂದಿತ್ತು. ಸುರಕಿತ್ ಹಿಂದಿನ ದಿನವೇ ಬಂದರು. ತಮ್ಮ ಮನೆಯ ಹತ್ತಿರದ ಆರೈಕೆ ಕೇಂದ್ರವೊಂದರಲ್ಲಿ ಅಕ್ಕನಿಗೆ ಹಾಸಿಗೆ ಗೊತ್ತುಮಾಡಿಯೇ ಬಂದಿದ್ದರು. ಹಬ್ಬ ಮುಗಿಸಿ, 7ರ ಶನಿವಾರ ಬೆಳಿಗ್ಗೆ ಬಾಡಿಗೆಯ ವ್ಯಾನಿನಲ್ಲಿ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಅವರನ್ನು ಕಟುಕರೆಂದು ಯಾರೂ ತಿಳಿಯಬಾರದು. ತಮ್ಮನಾದವನು ಮಾಡಬೇಕಾದದ್ದನ್ನೇ ಅವರು ಮಾಡುತ್ತಿದ್ದರು. ಅಕ್ಕನನ್ನು ಕೇಳಿದ್ದರು ಕೂಡ, ಅಕ್ಕ ತಲೆಯಾಡಿಸಿದ್ದಳು.

ಏಪ್ರಿಲ್ 6, ಶುಕ್ರವಾರ, ರಾಜವಂಶದ ನೆನಪಿನ ಚಕ್ರಿ ದಿನದ ರಜೆ. ನುಯ್ ದೊಡ್ಡಮ್ಮನ ಅಂಗಡಿ ತುಂಬಿತ್ತು. ಕೋ ಬೆಂಗ್ ಅವರ ಮುಂದೆ ಕಾಫಿಯೂ ಮಾಂಸದ ತಟ್ಟೆಯೂ ಇದ್ದವು. ಲಮುನ್ ಸಿಹಿಯ ತಟ್ಟೆಗಳನ್ನು ಅಂಗಡಿಗೆ ಕೊಡಲು ಬಂದವಳು ಅವರನ್ನು ಕಂಡು ನೇರವಾಗಿ ಅವರ ಮೇಜಿಗೇ ಬಂದಳು.

“ಚೆನ್ನಾಗಿ ತಿನ್ನಿ ಕೋ ಬೆಂಗ್. ನಾಳೆ ಖ್ರೂನ ಕರ್ಕೊಂಡು ಹೋಗ್ತಾರೆ, ಬರ್ತೀರಲ್ಲ ಕಳಿಸಿಕೊಡೋಕೆ?”

“ಯಾಕೆ ಹೀಗೆ ಮಾತಾಡ್ತೀಯಾ ಲಮುನ್?”

“ಇನ್ ಹೇಗೆ ಮಾತಾಡ್ಲಿ? ನೀವು ಯಂತ್ರ ಸರಿ ಇದೆ ಅಂದ್ರಿ. ಅದೊಂದು ಮಾತಿಗೆ ಅವರ ತಲೆ ಸರಿ ಇಲ್ಲ ಅಂತ ಆಗೋಯ್ತು.”

“ಯಂತ್ರ ಸರೀನೇ ಇತ್ತಮ್ಮ. ನಾನೇ ಹೊಡೆದು ನೋಡ್ದೆ.”

ನುಯ್ ದೊಡ್ಡಮ್ಮ ಕತ್ತಿಯ ಕೆಲಸ ನಿಲ್ಲಿಸಿ ಹೇಳಿದಳು: “ಸುಮ್ನೆ ಅವನ ಮೇಲೆ ಹರಿಹಾಯ್ಬೇಡ. ವಯಸ್ಸಾದ ಮೇಲೆ ಯಾರ ತಲೆ ಯಾವಾಗ ಹೋಗತ್ತೋ. ಇವನದು ಯಾವತ್ತೋ ಹೋಗಿದೆ, ಯಾರಿಗೂ ಗೊತ್ತಾಗಿಲ್ಲ ಅಷ್ಟೇ.”

ಯಾರೂ ನಗಲಿಲ್ಲ. ಲಮುನ್ ಕುರ್ಚಿಯ ಬೆನ್ನಿಗೆ ಕೈಕೊಟ್ಟು ನಿಂತಳು. ಭಾರ ಎತ್ತಿ ಎತ್ತಿ ಅವಳ ಸೊಂಟ ಹಿಡಿದುಕೊಂಡಿತ್ತು.

“ದಿನಾ ಬೆಳಗ್ಗೆ ನಾನು ಬಂದ ತಕ್ಷಣ ಅದೇ ಕೂಗು,” ಎಂದಳು ಅವಳು, ಸಿಟ್ಟು ಇಳಿದ ದನಿಯಲ್ಲಿ. “ಅದೇ ಗೊರಗೊರ, ಅದೇ ಉದ್ದ. ಮೂರು ವಾರದಿಂದ ಕೇಳಿ ಕೇಳಿ ನಂಗೇ ಬಾಯಿಗೆ ಬಂದುಬಿಟ್ಟಿದೆ. ಬೇಕಾದ್ರೆ ಅಂದು ತೋರಿಸ್ತೀನಿ.”

ಕೋ ಬೆಂಗ್ ಕಾಫಿಯ ಲೋಟವನ್ನು ಕೆಳಗಿಟ್ಟರು.

“ಅದೇ ಅಂದ್ರೆ? ಚೂರೂ ಬದಲಾಗಲ್ವಾ?”

“ಇಲ್ಲ.”

“ಬುದ್ಧಿ ಕೆಟ್ಟ ಬೆರಳು ದಿನಕ್ಕೊಂದು ತಪ್ಪು ಮಾಡತ್ತೆ ಲಮುನ್. ದಿನಾ ಒಂದೇ ತಪ್ಪು ಮಾಡಲ್ಲ.” ಅವರು ತಟ್ಟೆ ಸರಿಸಿ ಎದ್ದರು. “ನಾನು ಅವರ ಕೈ ನೋಡ್ಲೇ ಇಲ್ಲ. ಮಲಗಿದ್ರು. ನಡಿ, ಹೋಗೋಣ.”

ತಟ್ಟೆಯಲ್ಲಿ ಮಾಂಸ ಹಾಗೆಯೇ ಉಳಿಯಿತು. ಅಂಗಡಿಯ ಮುಂದೆ ನಿಂತಿದ್ದ ಕಪ್ಪೆಮೂತಿಯ ಮೂರು ಚಕ್ರದ ಗಾಡಿಯಲ್ಲಿ ಇಬ್ಬರೂ ಹತ್ತಿದರು. ರಜೆಯಾದ್ದರಿಂದ ನನಗೂ ಬೇರೆ ಕೆಲಸವಿರಲಿಲ್ಲ. ಜಾಗವಿತ್ತು, ನಾನೂ ಹತ್ತಿದೆ.

ಖ್ರೂ ಅವರ ಮನೆಯ ಮುಂಗೋಣೆಯಲ್ಲಿ ಸಾಮಾನಿನ ಎರಡು ಪೆಟ್ಟಿಗೆಗಳು ಕಟ್ಟಿ ಸಿದ್ಧವಾಗಿದ್ದವು. ಸುರಕಿತ್ ಮೂರನೆಯದಕ್ಕೆ ಹಗ್ಗ ಬಿಗಿಯುತ್ತಿದ್ದರು. ಅರುವತ್ತೈದರ ಗಂಭೀರ ಮನುಷ್ಯ. ಅಕ್ಕನ ಬಟ್ಟೆಗಳನ್ನು ತಾವೇ ಮಡಿಸಿಟ್ಟಿದ್ದರು. ಖ್ರೂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ತಲೆ ಆಡುತ್ತಿತ್ತು. ಕೋ ಬೆಂಗ್ ಆ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು ಕೈಮುಗಿದು, ಚೀಲದಿಂದ ಹಳೆಯ ಕೀಲಿಮಣೆಯನ್ನು ತೆಗೆದು, ಯಾವುದಕ್ಕೂ ಜೋಡಿಸದೆ, ಖ್ರೂ ಅವರ ತೊಡೆಯ ಮೇಲಿನ ಹಲಗೆಯ ಮೇಲಿಟ್ಟರು.

“ಖ್ರೂ, ನಾನು ಬೆಂಗ್, ಸ್ಟೇಷನ್ ಎದುರಿನ ಅಂಗಡಿಯವನು. ದಿನಾ ಬೆಳಗ್ಗೆ ಹೊಡೀತೀರಲ್ಲ, ಅದನ್ನೇ ಒಂದ್ಸಲ ಹೊಡೀರಿ.”

“ಅದಕ್ಕೆ ವೈರೇ ಇಲ್ವಲ್ಲ,” ಎಂದರು ಸುರಕಿತ್.

“ಬೇಡ ಸಾರ್.”

ಬೆರಳುಗಳು ನಿಧಾನವಾಗಿ ಕೀಲಿಗಳ ಅಂಚನ್ನು ತಡವಿ, ನಡುಸಾಲಿನಲ್ಲಿ ನೆಲೆ ಹಿಡಿದು, ಹೊರಟವು. ಕೋ ಬೆಂಗ್ ಮೂಗು ಕೀಲಿಗೆ ತಾಗುವಷ್ಟು ಬಗ್ಗಿ ನೋಡಿದರು. ಮತ್ತೊಮ್ಮೆ ಹೊಡೆಯಿರಿ ಎಂದರು, ನೋಡಿದರು. ನಮ್ಮ ಸಾಮಾನ್ಯ ಥಾಯ್ ಕೀಲಿಮಣೆಯಲ್ಲಿ ಹೊಡೆಯುವವರ ಬಲಗೈ ಓಡಾಡಿ ದಣಿಯುತ್ತದೆ, ಎಡಗೈ ಅರ್ಧ ಹೊತ್ತು ಕೂತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಭತ್ತ ಕುಟ್ಟುವಾಗ ಒನಕೆಗಳು ಒಂದರ ಹಿಂದೊಂದು ಬೀಳುವಂತೆ, ಎಡ ಬಲ ಎಡ ಬಲ ಎಂದು ಎರಡೂ ಕೈ ಸಮನಾಗಿ ನಡೆಯುತ್ತಿದ್ದವು.

ಆ ನಡಿಗೆಯನ್ನು ಕೋ ಬೆಂಗ್ ಹುಡುಗನಾಗಿದ್ದಾಗ ಕಂಡಿದ್ದರು. ಹಳೆಯ ಜೋಡಣೆಯಲ್ಲಿ ಬಲಗೈಗೆ ಭಾರ ಹೆಚ್ಚೆಂದು, ಕೀಲಿಗಳ ಸ್ಥಾನವನ್ನೆಲ್ಲ ಬದಲಿಸಿದ ಪತ್ತಚೋತ್ ಎಂಬ ಜೋಡಣೆಯೊಂದು 2510ರ ಸುಮಾರಿಗೆ ಬಂತು. ಕೆಲವು ಕಡೆ ಅದನ್ನು ಕಲಿಸಿದರು; ಕೆಲವರು ಆ ಯಂತ್ರಗಳನ್ನು ಕೊಂಡರು. ಆದರೆ ಹಳೆಯದಕ್ಕೆ ಪಳಗಿದ ಊರು ಹೊಸದಕ್ಕೆ ಬದಲಾಗಲಿಲ್ಲ. ಅಂತಹ ಯಂತ್ರಗಳು ಒಂದೊಂದಾಗಿ ಅಂಗಡಿಗೆ ಬಂದವು. ಕೋ ಬೆಂಗ್ ಮತ್ತು ಅವರ ತಂದೆ ಅಚ್ಚುಗಳನ್ನು ಬಿಡಿಸಿ, ಹಳೆಯ ಕ್ರಮದಲ್ಲಿ ಬೆಸುಗೆ ಹಾಕಿ ಕೊಟ್ಟರು. ಹಾಗೆ ಕೈಯಾರೆ ಬದಲಿಸಿದ್ದ ಕಾರಣದಿಂದಲೇ ಊರಿನಲ್ಲಿ ಒಂದೂ ಉಳಿದಿಲ್ಲವೆಂದು ಅವರು ನಂಬಿದ್ದರು.

“ಸಾರ್, ನಿಮ್ಮಕ್ಕ ಟೈಪಿಂಗ್ ಎಲ್ಲಿ ಕಲಿತ್ರು?”

“ಬ್ಯಾಂಕಾಕಿನಲ್ಲಿ. ಕಾಲೇಜಿಗೆ ಹೋಗ್ತಾ ಸಂಜೆ ಕಲಿತಿದ್ದು. 2512, 13 ಇರಬೇಕು. ಬರುವಾಗ ಒಂದು ಮಿಷನ್ನನ್ನೂ ತಂದಿದ್ದಳು. ನಮ್ಮನ್ನ ಮುಟ್ಟೋಕೂ ಬಿಡ್ತಿರಲಿಲ್ಲ.”

“ನಮ್ಮ ಪರೀಕ್ಷೆ ಪೇಪರೆಲ್ಲ ಅದರಲ್ಲೇ ಹೊಡೀತಿದ್ರು,” ಎಂದಳು ಲಮುನ್. “2548ರ ನೆರೆಯಲ್ಲಿ ಕೊಚ್ಚಿಹೋಯ್ತು.”

“ರಿಪೇರಿಗೆ ಒಂದ್ಸಲಾನೂ ಬಂದಿಲ್ಲ. ಬಂದಿದ್ರೆ ನಂಗೆ ಗೊತ್ತಿರೋದು.” ಕೋ ಬೆಂಗ್ ಹಣೆ ಒರೆಸಿಕೊಂಡರು. “ಇವರ ತಲೆ ಸರಿಯಾಗಿದೆ ಸಾರ್. ಕಣ್ಣು ಕಾಣ್ದೆ ಬೆರಳ ನೆನಪಲ್ಲೇ ಹೊಡೀತಿದಾರೆ. ಅವರ ಬೆರಳಿಗೆ ಗೊತ್ತಿರೋ ಮಣೆ ಬೇರೆ, ನಾನು ಕೊಟ್ಟಿರೋ ಮಣೆ ಬೇರೆ.”

ಸುರಕಿತ್ ಹಗ್ಗವನ್ನು ಬಿಟ್ಟು ಎದ್ದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ, ಭಯವಿತ್ತು. “ಕೋ ಬೆಂಗ್, ನಂಗೆ ಆಸೆ ಹುಟ್ಟಿಸಬೇಡಿ. ಆಸ್ಪತ್ರೆಯಲ್ಲಿ ಒಂದ್ಸಲ, ಈ ಪೆಟ್ಟಿಗೆ ಬಂದಾಗ ಒಂದ್ಸಲ, ಆಗ್ಲೇ ಎರಡ್ಸಲ ಆಯ್ತು.”

ಪೆಟ್ಟಿಗೆಯೊಳಗೆ ಆ ಜೋಡಣೆ ಇರಲಿಲ್ಲ. ಜಾಗ ಉಳಿಸಲೆಂದು ಮಾಡಿದವರು ಸಾಮಾನ್ಯವಾದದ್ದನ್ನು ಮಾತ್ರ ಇಟ್ಟಿದ್ದರು. ಕೋ ಬೆಂಗ್ ಫೋನಿನಲ್ಲಿ ಹುಡುಕಿದರು. ಚಿತ್ರವೊಂದು ಸಿಕ್ಕಿತು, ಆದರೆ ಅದು ಗಣಕಕ್ಕಾಗಿ ಮುಂದೆ ತಿದ್ದಿದ್ದು. ಟೈಪ್‌ರೈಟರಿನ ಕೆಲವು ಕೀಲಿಗಳು ಅದರಲ್ಲಿ ಬೇರೆ ಕಡೆಗಿದ್ದಂತೆ ಅವರಿಗೆ ನೆನಪು. ಅವರು ಫೋನನ್ನು ಜೇಬಿಗಿಟ್ಟರು.

“ಸರಿಯಾದ ಚಿತ್ರ ಇವರ ಬೆರಳಲ್ಲೇ ಇದೆ. ಇವರ ಹತ್ರಾನೇ ತಗೋತೀನಿ.”

ಅವರು ಕೀಲಿಮಣೆಯನ್ನು ತಮ್ಮ ಗಣಕಕ್ಕೆ ಜೋಡಿಸಿದರು. ಯಾವ ಕೀಲಿ ಒತ್ತಿದರೂ ಅದರ ಸಂಖ್ಯೆ ತೆರೆಯ ಮೇಲೆ ಕಾಣುವಂತಾಯಿತು. ಆಮೇಲೆ, “ಖ್ರೂ, ನಾನು ಒಂದೊಂದೇ ಅಕ್ಷರ ಹೇಳ್ತೀನಿ. ಅದು ಎಲ್ಲಿದೆಯೋ ಅಲ್ಲಿ ಒತ್ತಿ. ಮೊದಲ್ನೇ ಕ್ಲಾಸಿನ ಥರ,” ಎಂದರು. ನಮ್ಮಲ್ಲಿ ಮಕ್ಕಳು ಅಕ್ಷರ ಕಲಿಯುವುದು ಪ್ರಾಣಿ, ಪಾತ್ರೆಗಳ ಹೆಸರು ಹಿಡಿದು. ಪ್ರತಿ ವ್ಯಂಜನಕ್ಕೂ ಒಂದೊಂದು ಗೊಂಬೆ ಉಂಟು. ಆ ಕ್ರಮ ಯಾರಿಗೂ ಸಾಯುವವರೆಗೆ ಮರೆಯುವುದಿಲ್ಲ.

“ಕೋಳಿ.”

ಎಡ ತೋರುಬೆರಳು ತಾನಿದ್ದಲ್ಲೇ ಒತ್ತಿತು.

“ಮೊಟ್ಟೆ.”

ಬಲಗೈಯ ಕಿರುಬೆರಳು ನಡುಗುತ್ತ ಚಾಚಿ ಒತ್ತಿತು. ಲಮುನ್ ಉಸಿರು ಬಿಟ್ಟಳು.

“ಸೀಸೆ.”

ಬೆರಳುಗಳು ಕದಲಲಿಲ್ಲ. ಕೋ ಬೆಂಗ್ ಮತ್ತೆ ಹೇಳಿದರು. ಖ್ರೂ ಅವರ ಎರಡೂ ಕೈ ಕೀಲಿಗಳಿಂದ ಮೇಲೆದ್ದು, ಗಾಳಿಯಲ್ಲಿ ನಿಂತು, ಮತ್ತೆ ಇಳಿದವು.

“ಮೂರನೇದಕ್ಕೇ ಮರೆತುಹೋಯ್ತು,” ಎಂದರು ಸುರಕಿತ್ ಮೆಲ್ಲಗೆ. “ಸಾಕು ಬಿಡಿ. ಅವಳನ್ನ ದಣಿಸಬೇಡಿ.”

ಕೋ ಬೆಂಗ್ ಅವರ ಮುಖವೂ ಕಳೆಗುಂದಿತ್ತು. ಆದರೂ ಅವರು ನಿಲ್ಲಿಸಲಿಲ್ಲ.

“ಎಮ್ಮೆ.”

ಬಲ ತೋರುಬೆರಳು ಕೆಳಸಾಲಿಗಿಳಿದು ತಡೆಯಿಲ್ಲದೆ ಒತ್ತಿತು.

“ಮನುಷ್ಯ.”

ಮತ್ತೆ ಎರಡೂ ಕೈ ಮೇಲೆದ್ದು ನಿಂತವು. ಈ ಸಲ ಅಂಗೈಗಳು ಸ್ವಲ್ಪ ಹೊರಳಿದವು, ಕೊಡಲು ನನ್ನ ಬಳಿ ಇಲ್ಲವಲ್ಲ ಎನ್ನುವವರಂತೆ. ಕೋ ಬೆಂಗ್ ಒಂದು ಗಳಿಗೆ ಆ ಕೈಗಳನ್ನೇ ನೋಡಿ, ನಗಲಾರಂಭಿಸಿದರು. ನಗುವಿಗೆ ಹೆಗಲು ಕುಲುಕುತ್ತಿತ್ತು.

“ಯಾಕ್ರೀ ನಗ್ತೀರಾ?” ಎಂದಳು ಲಮುನ್, ಸಿಟ್ಟಿನಿಂದ.

“ಸೀಸೆ, ಮನುಷ್ಯ! ಎರಡೂ ಟೈಪ್‌ರೈಟರಿನಲ್ಲಿ ಇರಲೇ ಇಲ್ಲ ಕಣಮ್ಮ. ಯಾವ ಟೈಪ್‌ರೈಟರಿನಲ್ಲೂ ಇಲ್ಲ. ಆ ಅಕ್ಷರ ಯಾರೂ ಬರೆಯಲ್ಲ ಅಂತ, ಕೀಲಿ ಸಾಲಲ್ಲ ಅಂತ ಬಿಟ್ಟೇಬಿಟ್ರು. ನಾನು ಇಲ್ದಿರೋ ಕೀಲಿ ಒತ್ತಿ ಅಂತ ಕೇಳ್ತಿದೀನಿ, ಪಾಪ ಅವರು ಇಲ್ಲಪ್ಪ ಅಂತಿದಾರೆ.” ಅವರು ನೆಲದಿಂದಲೇ ಮತ್ತೆ ಕೈಮುಗಿದರು. “ತಪ್ಪಾಯ್ತು ಖ್ರೂ. ಪಾಠ ಕಲಿಯದೆ ಬಂದ ಹುಡುಗನ ಥರ ಆಯ್ತು ನನ್ನ ಕಥೆ. ಗಂಟೆ.”

ಗಂಟೆಯ ಕೀಲಿಗೆ ಶಿಫ್ಟ್ ಬೇಕು. ಖ್ರೂ ಮೊದಲು ಶಿಫ್ಟನ್ನು ಮುಟ್ಟಿ, ಬಿಟ್ಟು, ಆಮೇಲೆ ಗಂಟೆಯನ್ನು ಒತ್ತಿದರು.

ಮುಂದಿನದನ್ನು ಹೇಳಿದ್ದು ಕೋ ಬೆಂಗ್ ಅಲ್ಲ. “ಹಾವು,” ಎಂದರು ಸುರಕಿತ್. ಅವರು ಅಕ್ಕನ ಕುರ್ಚಿಯ ಪಕ್ಕಕ್ಕೆ ಬಂದು ನೆಲದ ಮೇಲೆ ಕುಳಿತಿದ್ದರು. ಈ ಸಾಲನ್ನು ಅವರಿಗೆ ಕಲಿಸಿದವಳು ಅಕ್ಕನೇ. ಅವರಿಗಿಂತ ಆರು ವರ್ಷಕ್ಕೆ ಹಿರಿಯಳು. “ತಟ್ಟೆ. ತಾಳ. ಆನೆ. ಸರಪಳಿ.” ದನಿ ಏರುತ್ತ ಹೋಯಿತು. ಆಮೆ, ಚೀಲ, ಸಿಪಾಯಿ, ಬಾವುಟ, ಇಲಿ. ಖ್ರೂ ಅವರ ಬೆರಳು ಕೆಲವೊಮ್ಮೆ ತಡವಿತು, ಕೆಲವೊಮ್ಮೆ ಸುರಕಿತ್ ಬಾಯಿ ತೆರೆಯುವ ಮೊದಲೇ ಮುಂದಿನ ಅಕ್ಷರಕ್ಕೆ ಹೋಗಿ ಕಾದು ಕೂತಿತು. ಸುರಕಿತ್ ಒಂದು ಕಡೆ ಜೇನನ್ನೂ ಮುಚ್ಚಳವನ್ನೂ ಹಿಂದುಮುಂದಾಗಿ ಹೇಳಿದರು. ಬೆರಳು ನಿಂತಿತು. ಅವರು ತಿದ್ದಿಕೊಂಡ ಮೇಲೆಯೇ ಒತ್ತಿತು. ಕೊನೆಯ ವ್ಯಂಜನವಾದ ಗೂಬೆಯವರೆಗೆ ಹೋಗಿ, ಸ್ವರಚಿಹ್ನೆಗಳನ್ನೂ ಮುಗಿಸುವ ಹೊತ್ತಿಗೆ ಲಮುನ್ ಎಲ್ಲರಿಗೂ ಚಹಾ ತಂದಿಟ್ಟಿದ್ದಳು. ಯಾರೂ ಅದನ್ನು ಮುಟ್ಟಿರಲಿಲ್ಲ.

ಕೋ ಬೆಂಗ್ ಆ ಪಟ್ಟಿಯನ್ನು ಪೆಟ್ಟಿಗೆಗೆ ತುಂಬಿಸಿ, ಅದನ್ನು ಆರಿಸಿ ಮತ್ತೆ ಹೊತ್ತಿಸಿದರು. ಕೀಲಿಮಣೆಯನ್ನು ಅದಕ್ಕೆ ಜೋಡಿಸಿ, ಹಿಂದೆ ಸರಿದರು. ಖ್ರೂ ಕೂಡಲೇ ಹೊಡೆಯಲಿಲ್ಲ. ಕೈಗಳಿಗೆ ವಿಶ್ರಾಂತಿ ಕೊಟ್ಟರು. ಆಮೇಲೆ ಒನಕೆಗಳ ನಡಿಗೆ ಮೊದಲಾಯಿತು. ಅದೇ ಉದ್ದ, ಅದೇ ಲಯ. ಲಮುನ್ ಮೂರು ವಾರದಿಂದ ಬಲ್ಲದ್ದೇ.

“ಲಮುನ್, ಕಿಟಕಿ ತೆಗಿ,” ಎಂದಿತು ಪೆಟ್ಟಿಗೆ.

ರೋಗಿಗೆ ಗಾಳಿ ಸೋಕಬಾರದೆಂದು ಲಮುನ್ ನವೆಂಬರಿನಿಂದ ಆ ಕಿಟಕಿಯನ್ನು ಮುಚ್ಚಿಟ್ಟಿದ್ದಳು. ಅವಳು ಹೋಗಿ, ಬಾಗಿಲುಗಳನ್ನು ಎರಡೂ ಕಡೆಗೆ ತಳ್ಳಿ, ಹೊರಗೆ ಮುಖ ಮಾಡಿಕೊಂಡು ನಿಂತಳು. ಅವಳು ಅಳುತ್ತಿರುವುದು ಹಿಂದಿನಿಂದಲೇ ತಿಳಿಯುತ್ತಿತ್ತು.

ಬೆರಳುಗಳು ಮತ್ತೆ ನಡೆದವು. ಈ ಸಲ ಬಹಳ ಹೊತ್ತಾಯಿತು.

“ಕಿತ್. ನನ್ನ ಯಾಕೆ ಕೇಳ್ಲಿಲ್ಲ?”

ಬಾಲ್ಯದ ಹೆಸರು ಕೇಳಿ ಸುರಕಿತ್ ಅಕ್ಕನ ಕಡೆಗೆ ಬಗ್ಗಿದರು. “ಕೇಳಿದ್ನಲ್ಲ ಅಕ್ಕ. ನನ್ನ ಜೊತೆ ಬರ್ತೀಯಾ ಅಂತ ಮೊನ್ನೆ ರಾತ್ರಿ ಕೇಳ್ದೆ. ನೀನು ತಲೆಯಾಡಿಸ್ದೆ.”

“ಅದು ನಡುಕ.”

ಅವರು ತಲೆ ತಗ್ಗಿಸಿದರು. ಬಳಿಕ ನಿಧಾನವಾಗಿ ಕೇಳಿದರು: “ಸರಿ. ಈಗ ಕೇಳ್ತೀನಿ. ಅಲ್ಲಿ ನರ್ಸ್ ಇರ್ತಾರೆ, ನಮ್ಮನೆ ಹತ್ತಿರ, ದಿನಾ ಬಂದು ನೋಡ್ತೀನಿ. ಬರ್ತೀಯಾ?”

ಲಮುನ್ ಕಿಟಕಿಯಿಂದ ತಿರುಗಿದಳು. ಖ್ರೂ ಅವರ ತಲೆ ಎಂದಿನಂತೆ ಮೇಲೆ ಕೆಳಗೆ ಆಡುತ್ತಲೇ ಇತ್ತು. ಈಗ ಅದನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಬೆರಳುಗಳ ಮೇಲಿತ್ತು.

“ಬರಲ್ಲ. ಲಮುನ್ ಸೊಂಟ ಹೋಗಿದೆ. ನನ್ನ ಎತ್ತೋಕೆ ಗಟ್ಟಿಗಿತ್ತಿ ಒಬ್ಬಳನ್ನ ಗೊತ್ತುಮಾಡು. ಅಷ್ಟು ಸಾಕು.”

“ನನ್ನ ಸೊಂಟ ಚೆನ್ನಾಗೇ ಇದೆ,” ಎಂದಳು ಲಮುನ್.

“ಸುಳ್ಳು,” ಎಂದಿತು ಪೆಟ್ಟಿಗೆ.

ಸುರಕಿತ್ ನಗುತ್ತಲೋ ಅಳುತ್ತಲೋ ಮೂರನೆಯ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದರು. ವ್ಯಾನಿನವನಿಗೆ ಬೇಡವೆಂದು ತಿಳಿಸಲು ಅವರು ಫೋನು ತೆಗೆದಾಗ ಕೀಲಿಗಳು ಮತ್ತೆ ಸದ್ದು ಮಾಡಿದವು. ಫೋನಿನಲ್ಲಿ ಹೇಳಕೂಡದು, ಬರಲಿ, ನಾನೇ ಹೇಳುತ್ತೇನೆ, ಅವನ ಬಾಡಿಗೆಯನ್ನೂ ಕೊಡು ಎಂಬುದು ಖ್ರೂ ಅವರ ಅಪ್ಪಣೆ.

ಏಪ್ರಿಲ್ 7, ಶನಿವಾರ ಬೆಳಿಗ್ಗೆ ವ್ಯಾನು ಬಂದಾಗ ಕೋ ಬೆಂಗ್ ಅಲ್ಲಿಯೇ ಇದ್ದರು. ಕೀಲಿಮಣೆಯ ಕೆಳಗೆ ಮರದ ತುಂಡೊಂದನ್ನು ಕೊಟ್ಟು, ಮಣಿಕಟ್ಟು ನೋಯದಂತೆ ಇಳಿಜಾರು ಮಾಡುತ್ತಿದ್ದರು. ಚಾಲಕ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದು, ಕೋಣೆಯಲ್ಲಿದ್ದ ಎಲ್ಲರನ್ನೂ ಒಮ್ಮೆ ನೋಡಿದ. ಹಾಸಿಗೆ ಹಿಡಿದವರು ಯಾರೂ ಕಾಣಲಿಲ್ಲವೋ ಏನೋ, “ಪೇಷೆಂಟ್ ಎಲ್ಲಿ?” ಎಂದು ಸುರಕಿತ್ ಅವರನ್ನು ಕೇಳಿದ.

ಸುರಕಿತ್ ಕಿಟಕಿಯ ಪಕ್ಕದ ಕುರ್ಚಿಯ ಕಡೆ ಕೈತೋರಿಸಿ, ಕಾಯುವಂತೆ ಸನ್ನೆ ಮಾಡಿದರು. ಚಾಲಕ ಕಾದ. ಎಡ ಬಲ ಎಡ ಬಲ ಎಂದು ಬೆರಳುಗಳು ತಮ್ಮದೇ ವೇಗದಲ್ಲಿ ನಡೆದು ಮುಗಿಸಿದವು.

“ನಾನೇ. ಬರ್ತಿಲ್ಲ ಅಪ್ಪ. ಬಿಸಿಲಿದೆ, ಕಾಫಿ ಕುಡಿದು ಹೋಗು.”